ಎರಡು ಹರಳುಗಳ ಸುಳ್ಳು

ಹೋದ ವಾರ ಗೋಕಾಕದ ನಮ್ಮ ಮನೆಯ ಅಡಿಗೆಕೋಣೆಯಲ್ಲಿ ಮೂಲಂಗಿ ಕೊಳೆತಿತ್ತು. ಚೀಲ ಬಿಚ್ಚಿದ್ದೇ ತಡ, ಹದಿನೈದು ವರ್ಷದ ಹಿಂದಿನ ಲ್ಯಾಬು ಮೂಗಿಗೆ ಬಡಿಯಿತು. ಸೆಲೆನಿಯಂ ಕಾಯಿಸಿದ ಕೊಳವೆ ಒಡೆದರೆ ಥೇಟ್ ಇದೇ ನಾತ. ಅದನ್ನು ದುಪಟ್ಟಾದಲ್ಲಿ ಹೊತ್ತುಕೊಂಡೇ ಊಟಕ್ಕೆ ಬರುತ್ತಿದ್ದವರು ನಮ್ಮ ಅಕ್ಕ…

ಅಕ್ಕ ಹುಕ್ಕೇರಿಯವರು. ನಾನು ಮೂಡಲಗಿ ಹತ್ತಿರದ ಮಸಗುಪ್ಪಿಯವಳು. ಸಂಶೋಧನೆಗೆಂದು ಸೇರಿದ್ದ ದೂರದ ಊರಿನ ಆ ಲ್ಯಾಬಿನಲ್ಲಿ ನಮ್ಮ ಕಡೆಯ ಮಾತಿನವರು ನಾವಿಬ್ಬರೇ, ಅವರು ನನಗಿಂತ ಮೂರು ವರ್ಷ ಹಿರಿಯರು, ಅದಕ್ಕೇ ಅಕ್ಕ ಎನ್ನುತ್ತಿದ್ದೆ. ಕಬ್ಬಿಣ, ಸೆಲೆನಿಯಂ ಎರಡನ್ನೂ ಕೊಳವೆಯೊಳಗೆ ಮುಚ್ಚಿ, ವಾರಗಟ್ಟಲೆ ಕುಲುಮೆಯಲ್ಲಿಟ್ಟು ಸೂಪರ್‌ಕಂಡಕ್ಟರ್ ಹರಳು ಬೆಳೆಸುವುದು ಅವರ ಕೆಲಸ. ಬಹಳ ತಣಿಸಿದರೆ ಕರೆಂಟಿಗೆ ಒಂಚೂರೂ ತಡೆ ಒಡ್ಡದ ಹರಳು. ಆದರೆ ಕಬ್ಬಿಣ ತುಸುವೇ ಹೆಚ್ಚಾದರೂ ಕೆಡುತ್ತಿತ್ತು. ಕೊಳವೆ ಬೇಗ ತೆಗೆಯೋಣವೆಂದರೆ ಗದರುತ್ತಿದ್ದರು: "ಏ, ತಡಿ. ಹರಳ ತನ್ನ ಪಾಡಿಗೆ ಬೆಳಿತೈತಿ. ನಿನ್ನ ಗಡಿಬಿಡಿ ಅದಕ್ಕೇನ ಗೊತ್ತ?"

ಒಂದು ಸಲ ಎರಡು ಹರಳುಗಳಲ್ಲಿ, ಉಳಿದವುಗಳಷ್ಟು ತಣಿಸುವ ಮೊದಲೇ, ತಡೆ ಸೊನ್ನೆಗಿಳಿಯಿತು. ಗೈಡ್ ಸರ್ ಪೇಢೆ ಹಂಚಿ ಲೇಖನ ಬರೆಸಿದರು. ಮೊದಲ ಹೆಸರು ಅಕ್ಕನದು, ಎರಡನೆಯದು ನನ್ನದು. ಅಕ್ಕ ಮಾತ್ರ ಪೇಢೆ ಮುಟ್ಟದೆ, ಅಳೆಯುವ ತಂತಿಗಳನ್ನು ಬೇರೆ ಜಾಗಕ್ಕೆ ಅಂಟಿಸಿ ಮತ್ತೆ ನೋಡಿದರು. ಎರಡರಲ್ಲೂ ಸೊನ್ನೆ ಮಾಯವಾಗಿತ್ತು. ಹರಳಿನ ಒಂದು ಮೂಲೆಯಲ್ಲಿ ಹೆಚ್ಚಿನ ಕಬ್ಬಿಣ ಗುಂಪುಗೂಡಿ, ಕರೆಂಟು ನಮ್ಮ ತಂತಿಗಳನ್ನು ತಪ್ಪಿಸಿಕೊಂಡು ಅತ್ತ ಹರಿಯುತ್ತಿತ್ತು, ತಂತಿಗಳಿಗೆ ತಡೆ ಕಾಣದೆ ಸೊನ್ನೆ ಬಂದಿತ್ತು. ಅದನ್ನೇ ನಾವು ದೊಡ್ಡ ಶೋಧವೆಂದು ಕುಣಿದಿದ್ದೆವು.

"ಇದು ಖರೆ ಅಲ್ರಿ ಸರ್. ನನ್ನ ಹೆಸರ ತಗೀರಿ," ಎಂದರು ಅಕ್ಕ.

"ಹೆಸರು ತೆಗೆದರೆ ಡಾಕ್ಟರೇಟನ್ನೂ ಮರೆತುಬಿಡಿ," ಎಂದರು ಸರ್.

"ಮರತೇನ್ರಿ."

ಹಾಗೆಂದವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಥೂ, ಈಗಲೂ ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಅಕ್ಕ ಹುಕ್ಕೇರಿಗೆ ಮರಳಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸತೊಡಗಿದರು. ಲೇಖನ ಅಚ್ಚಾಯಿತು, ಮೊದಲ ಹೆಸರು ನನ್ನದಾಯಿತು. ಡಾಕ್ಟರೇಟು ಬಂತು, ಗೋಕಾಕದಲ್ಲಿ ಕಾಲೇಜಿನ ನೌಕರಿಯೂ ಬಂತು. ಅಂಥ ಹರಳು ಬೇರೆ ಯಾರಿಗೂ ಮತ್ತೆ ಸಿಗಲಿಲ್ಲ, ಸಿಗುವುದಾದರೂ ಹೇಗೆ? ಬಸ್ಸು ಹತ್ತಿದರೆ ಹುಕ್ಕೇರಿ ಏನು ಮಹಾ ದೂರ, ಆದರೂ ಹೋಗಲಿಲ್ಲ. ಹೋದ ಚಳಿಗಾಲ ಅಕ್ಕ ಕಾಮಾಲೆಯಾಗಿ ತೀರಿಕೊಂಡರೆಂದು ತಿಳಿದಾಗ ಮಣ್ಣಿಗೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ…

ಹೋದ ವಾರ ಆ ಮೂಲಂಗಿಯ ನಾತ ಬಡಿದಾಗ ಸಾಕಿನ್ನು ಅನಿಸಿತು. ಅವತ್ತೇ ಕೂತು ಲೇಖನ ಅಚ್ಚು ಹಾಕಿದ ಪತ್ರಿಕೆಗೆ ಬರೆದೆ. ಲೇಖನ ತಪ್ಪು, ತಪ್ಪೆಂದು ಗೊತ್ತಿದ್ದೂ ನಾನು ಸಹಿ ಹಾಕಿದ್ದೆ, ಹಿಂದೆ ತೆಗೆದುಕೊಳ್ಳಿ. ತಪ್ಪು ಕಂಡುಹಿಡಿದವರೆಂದು ಅಕ್ಕನ ಪೂರ್ತಿ ಹೆಸರು ಹಾಕಿದೆ. ಸರ್‌ಗೂ ಒಂದು ಪ್ರತಿ ಕಳಿಸಿದೆ.

ಮರುದಿನವೇ ಸರ್ ಫೋನ್ ಮಾಡಿದರು. "ನಿಮ್ಮ ನೌಕರಿ ನೆನಪಿದೆಯೇನಮ್ಮಾ?"

"ಐತ್ರಿ ಸರ್. ಹೋದ್ರ ಹೋಗ್ಲಿ. ಬರದದ್ದನ್ನ ವಾಪಸ್ ತಗೊಳ್ಳಾಂಗಿಲ್ಲ," ಎಂದೆ.

ತನಿಖೆ ಮಾಡುತ್ತಾರಂತೆ. ಮಾಡಲಿ, ಕೇಳಿದವರಿಗೆಲ್ಲ ಹೇಳುತ್ತೇನೆ. ಸಂಕಟ ಅದರದಲ್ಲ. ಅವತ್ತು ಲ್ಯಾಬಿನಲ್ಲಿ, ಅಕ್ಕ ನನ್ನ ಕಡೆ ನೋಡಿದಾಗಲೂ, ನನಗೆ ಇದೇ ಬಾಯಿ ಇತ್ತು.