ಕಣ್ಣಿಲ್ಲದವನ ಲೈಸೆನ್ಸು

ಬಸ್ಸು ಓಡಿಸುತ್ತಲೇ ತಲೆ ನರೆತ ಆ ಮನುಷ್ಯನನ್ನು ಎಲ್ಲರೂ ಡ್ರೈವರಣ್ಣ ಎಂದೇ ಕರೆಯುತ್ತಿದ್ದರು. ಇಂಜಿನ್ನಿನ ಸದ್ದು ಕೇಳಿಯೇ ಯಾವ ಬಸ್ಸಿಗೆ ಯಾವ ಕಾಯಿಲೆ ಎಂದು ಹೇಳಬಲ್ಲವನು, ತನ್ನ ಕಣ್ಣಿನ ಕಾಯಿಲೆಯನ್ನು ಮಾತ್ರ ಬಚ್ಚಿಟ್ಟಿದ್ದ. ಡಿಪೋದಲ್ಲಿ ಬಾಯಿಬಿಟ್ಟವನು ಜೊತೆಯ ಕಂಡಕ್ಟರ್. ಅಂದಿನಿಂದ ಡ್ರೈವರಣ್ಣನಿಗೆ ಸ್ಟಿಯರಿಂಗ್ ಸಿಗಲಿಲ್ಲ, ಕಂಡಕ್ಟರನಿಗೆ ಅವನಿಂದ ಒಂದು ಮಾತೂ ಸಿಗಲಿಲ್ಲ.

ಈಗ ಆ ಕಣ್ಣಿಗೆ ಕತ್ತಲೆ ಪೂರ್ತಿ ಕವಿದಿತ್ತು. ತನ್ನ ಪಿಂಚಣಿಯನ್ನು ಹೆಂಡತಿ ತೆಗೆಯುವಂತೆ ಅಧಿಕಾರ ಪತ್ರ ಬರೆಸಿ, ನೋಟರಿಯ ಎದುರು ರುಜು ಹಾಕಲು ಅವಳ ಕೈ ಹಿಡಿದು ಮಹಡಿ ಹತ್ತಿ ಬಂದಿದ್ದ.

“ಈ ಲೈಸೆನ್ಸಿನ ಅವಧಿ ಮುಗಿದಿದೆ,” ಎಂದ ನೋಟರಿ. “ಚಾಲ್ತಿಯಲ್ಲಿರೋ, ಫೋಟೋ ಇರೋ ದಾಖಲೆ ಬೇಕು.”

“ನನ್ನ ಹತ್ರ ಇರೋದು ಅದೊಂದೇ ಸಾರ್.”

“ಹಾಗಾದ್ರೆ ನವೀಕರಿಸ್ಕೊಂಡು ಬನ್ನಿ.”

“ಅಲ್ಲಿ ಕಣ್ಣು ಪರೀಕ್ಷೆ ಮಾಡ್ತಾರೆ. ಪಾಸಾದ್ರೆ ಬಸ್ಸಲ್ಲೇ ಬರ್ತೀನಿ, ನೀವೂ ಹತ್ಕೊಳ್ಳಿ.”

ಹೆಂಡತಿ ಅವನ ತೋಳು ಚಿವುಟಿದಳು. “ಇವರನ್ನ ನಾನು ಬಲ್ಲೆ ಸಾರ್. ನೂರು ಗೊರಕೆ ಮಧ್ಯೆ ಇವರ ಗೊರಕೆ ಹೇಳ್ತೀನಿ.”

“ಪತ್ರ ನಿಮ್ಮ ಹೆಸರಿಗೇ ಇದೆಯಲ್ಲಮ್ಮ, ನಿಮ್ಮ ಸಾಕ್ಷಿ ನಡೆಯಲ್ಲ. ಇದರಿಂದ ಲಾಭ ಇಲ್ಲದವರು, ಇವರನ್ನ ಬಲ್ಲವರು, ನನಗೂ ಗೊತ್ತಿರೋರು ಯಾರಾದ್ರೂ ಪ್ರಮಾಣ ಮಾಡಲಿ.”

ಅಂಥವನು ಒಬ್ಬನೇ ಇದ್ದ: ಕೆಳಗೆ ಪೇಪರ್ ಅಂಗಡಿ ಇಟ್ಟುಕೊಂಡಿದ್ದ ಅದೇ ಕಂಡಕ್ಟರ್.

ಡ್ರೈವರಣ್ಣ ಲೈಸೆನ್ಸು ವಾಪಸ್ ಕೊಡಿ ಎಂಬಂತೆ ಕೈ ಚಾಚಿದ. ಮೂಗು, ಬಾಯಿ, ಉಸಿರು ಎಲ್ಲ ಇಟ್ಟುಕೊಂಡು ತಾನು ಎದುರಿಗೇ ಕೂತಿದ್ದಾನೆ. ಸಾಲದೇ? ತಾನು ತಾನೇ ಎನ್ನಿಸಿಕೊಳ್ಳಲು ಅನ್ನ ಕಿತ್ತವನ ಬಾಯೇ ಬೇಕೇ?

“ಏಳು, ಮನೆಗೆ ಹೋಗೋಣ.”

“ಹೋಗಿ? ಸಿಟ್ಟನ್ನ ಒಲೆ ಮೇಲಿಟ್ರೆ ಅನ್ನ ಆಗಲ್ಲ ರೀ,” ಎಂದವಳೇ ಕೆಳಗಿಳಿದಳು.

ಕಂಡಕ್ಟರ್ ಏದುಸಿರು ಬಿಡುತ್ತ ಬಂದ. ತನ್ನ ಗುರುತಿನ ಚೀಟಿ ಮೇಜಿನ ಮೇಲಿಟ್ಟು ಪ್ರಮಾಣ ಮಾಡಿದ. “ಇವನು ಇವನೇ ಸಾರ್. ಇಂಥ ಮೊಂಡ ಇನ್ನೊಬ್ಬ ಹುಟ್ಟಿಲ್ಲ.”

“ಅವತ್ತು ನನ್ನ ಕಣ್ಣಿಗೆ ಸಾಕ್ಷಿ ಹೇಳ್ದೆ, ಇವತ್ತು ಮುಖಕ್ಕೆ,” ಎಂದ ಡ್ರೈವರಣ್ಣ. ಎಷ್ಟೋ ವರ್ಷಗಳ ಮೇಲೆ ಕಂಡಕ್ಟರನೊಡನೆ ಆಡಿದ ಮೊದಲ ಮಾತು.

“ಅವತ್ತು ಬಸ್ ತುಂಬ ಜನ ಇದ್ರು ಕಣೋ.”

ಅದು ಸುಳ್ಳಲ್ಲ ಎಂಬುದೇ ಡ್ರೈವರಣ್ಣನನ್ನು ಇನ್ನಷ್ಟು ಉರಿಸಿತು. ಹೆಂಡತಿ ಅವನ ಬೆರಳನ್ನು ಗೆರೆಯ ಮೇಲಿಟ್ಟಳು. ಕಾಗದ ಹರಿಯುವಂತೆ ಒತ್ತಿ ರುಜು ಹಾಕಿದ. ಮುದ್ರೆ ಬಿದ್ದ ಸದ್ದು ಕೇಳಿಸಿತು. ಪಿಂಚಣಿ ಇನ್ನು ಹೆಂಡತಿಯ ಕೈಗೆ.

ಅವನು ಎದ್ದು, ನೋಟರಿಯ ದನಿ ಬಂದ ಕಡೆಗೆ ಮುಖ ಚಾಚಿ ನಿಂತ.

“ಒಂದ್ಸಲ ಸರಿಯಾಗಿ ನೋಡ್ಕೊಳ್ಳಿ ಸಾರ್. ಮುಂದಿನ ಸಲ ಬಂದಾಗ ನೀವೇ ‘ಬಲ್ಲೆ’ ಅನ್ನಬೇಕು.”