ನಡುಗೋಡೆ ತಟ್ಟಿದ ಸದ್ದು

ಆಗ ನನಗೆ ಅರವತ್ತೇಳು. ಇದು ನಡೆದು ಮೂರು ವರ್ಷವಾಯಿತು. ದೆವ್ವ ಮೆಟ್ಟಿತು, ಗಾಳಿ ಸೋಕಿತು ಎಂದು ಯಾರಾದರೂ ಬಂದರೆ, ಹೋಗಿ ಕೆಲಸ ನೋಡು ಎನ್ನುತ್ತಿದ್ದವಳು ನಾನು. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಇದನ್ನು ಏನೆನ್ನಬೇಕೋ ತಿಳಿಯದು.

ತಮಿಳುನಾಡಿನ ಸೇಲಂ ಕಡೆ, ಕಡಯಂಪಟ್ಟಿಯ ಹತ್ತಿರ ನಮ್ಮೂರು. ಭಾಗವಾದಾಗ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿದರು. ಈ ಕಡೆ ನಾವಿಬ್ಬರು, ಆ ಕಡೆ ಸತ್ತ ಮೈದುನನ ಹೆಂಡತಿ ಪಳನಿಯಮ್ಮ. ನಾನು ರಾಗಿ ಕೊಯ್ಲಿಗೆಂದು ಪಾಲಮಲೆಯ ತವರಿಗೆ ಹೋಗಿದ್ದಾಗ ನನ್ನ ಗಂಡನಿಗೆ ಲಕ್ವ ಹೊಡೆಯಿತು. ಬಾಯಿ ಬಿದ್ದುಹೋಗಿತ್ತು. ಆಡುತ್ತಿದ್ದದ್ದು ಒಂದು ಕೈ ಮಾತ್ರ. ಆ ಕೈಯಿಂದಲೇ ರಾತ್ರಿಯೆಲ್ಲ ನಡುಗೋಡೆ ತಟ್ಟಿದ್ದಾರೆ. ನಾನು ಬಂದಾಗ ಹೆಣ. ಬೆರಳ ಗೆಣ್ಣು ಸುಲಿದಿತ್ತು, ಗೋಡೆಯ ಸುಣ್ಣ ಉದುರಿತ್ತು.

ಪಳನಿಯಮ್ಮ ನಲ್ಲಿಯ ಹತ್ತಿರ ನಾಲ್ಕು ಜನರ ಎದುರಿಗೆ ಹೇಳಿದಳು: "ತಟ್ಟಿದ್ದು ಕೇಳಿಸ್ತು. ಇಲಿ ಏನೋ ಅಂದ್ಕಂಡು ಮಲಿಕ್ಕಂಡೆ. ನಾನೇನು ಜೋಸ್ಯ ಕೇಳ್ಕಂಡಿದ್ನಾ?"

ಅವತ್ತು ಅವಳೊಡನೆ ಮಾತು ಬಿಟ್ಟೆ. ಆಮೇಲೆ ಎಲ್ಲರೊಡನೆಯೂ ಬಿಟ್ಟುಹೋಯಿತು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮಾತ್ರೆ ನುಂಗಿ ನುಂಗಿ ನಾಲಗೆ ಒಣಗಿತೇ ಹೊರತು ಬೇರೇನೂ ಆಗಲಿಲ್ಲ. ಮಗಳು ಸರಸು ಓಮಲೂರಿನಿಂದ ಬಂದು ನನ್ನ ಜೊತೆಗಿದ್ದು, ಸೇಲಂನಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಿದಳು. ತಲೆಗೆ ಅಯಸ್ಕಾಂತದ ಮಿಷಿನ್ನು ಇಡುತ್ತೇವೆ, ದಿನಾ ಬೆಳಗ್ಗೆ ಬರಬೇಕು, ಮನಸ್ಸು ಹಗುರವಾಗುತ್ತದೆ ಎಂದರು.

ನನಗೆ ಹಗುರವಾಗುವುದು ಬೇಕಿರಲಿಲ್ಲ.

"ಆ ಮಿಷಿನ್ನು ನನ್ ಸಿಟ್ಟನ್ನೂ ಅಳಿಸಿಬುಟ್ರೆ?" ಎಂದು ಮಗಳನ್ನು ಕೇಳಿದೆ.

"ಓದ್ರೆ ಓಗ್ಲಿ ಬಿಡವ್ವಾ. ನೀನು ಎರಡು ತುತ್ತು ಸೋರುಣ್ಣು, ಅಷ್ಟು ಸಾಕು."

ಅವಳಿಗೇನು ಗೊತ್ತು. ಸತ್ತ ಗಂಡನ ಪರವಾಗಿ ನನ್ನ ಹತ್ತಿರ ಉಳಿದಿದ್ದದ್ದು ಆ ಸಿಟ್ಟೊಂದೇ.

ಆದರೂ ಅವಳ ಬಲವಂತಕ್ಕೆ ಹೋದೆ. ಕುರ್ಚಿಯಲ್ಲಿ ಕೂರಿಸಿ, ಎಡಗಡೆ ಹಣೆಯ ಮೇಲೆ ದೊಡ್ಡ ಸೌಟಿನಂಥದ್ದೊಂದನ್ನು ಒತ್ತಿ ಹಿಡಿದರು. "ಪಾಟ್ಟಿ, ತಲೈಯ ಆಟ್ಟಾದೀಂಗ" ಎಂದಳು ನರ್ಸು. ಅಜ್ಜಿ ತಲೆ ಅಲ್ಲಾಡಿಸಬಾರದಂತೆ. ಟಕಟಕಟಕ ಎಂದು ತಟ್ಟಿತು. ನಿಂತಿತು. ಮತ್ತೆ ತಟ್ಟಿತು. ಥೇಟು ಬೆರಳ ಗೆಣ್ಣಿನಿಂದ ಕುಟ್ಟಿದ ಹಾಗೆ. ಕಣ್ಣು ಮುಚ್ಚಿಕೊಂಡು ಒಂದನ್ನೇ ನೆನೆದೆ: ಇದು ಅವಳಿಗೆ ಕೇಳಿಸಬೇಕು. ದಿನವೂ ಹಾಗೇ ನೆನೆಯುತ್ತಾ ಕೂತೆ.

ಆ ವಾರವೇ ಒಂದು ಮಧ್ಯಾಹ್ನ ಬಸ್ಸಿಳಿದು ಬಂದರೆ, ಪಳನಿಯಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ನಿಮ್ಮನೇಲಿ ಯಾರವ್ರೆ?"

ಬಾಗಿಲಿಗೆ ಬೀಗ ಹಾಕಿತ್ತು. ಬೀಗದ ಕೈ ನನ್ನ ಸೊಂಟದಲ್ಲಿತ್ತು.

"ನೀನು ಸೇಲಂಗೆ ಓಗೋಕೆ ಶುರು ಮಾಡ್ದಾಗಿಂದ, ದಿನಾ ಬೆಳಗ್ಗೆ ಯಾರೋ ಗೋಡೆ ತಟ್ತಾವ್ರೆ. ಟಕಟಕ ಅಂತೈತೆ, ನಿಲ್ತೈತೆ, ತಿರುಗಾ ಟಕಟಕ. ಬಾವ ಮಲಗ್ತಿದ್ದ ತಾವಿಂದಾನೇ, ಅಕ್ಕಾ. ಬಾಗ್ಲು ತೆಗೆದು ನೋಡು, ನಿನ್ ಕಾಲ್ ಹಿಡ್ಕತೀನಿ."

ಅಷ್ಟು ದಿನಗಳ ಮೇಲೆ ಅವಳೆದುರು ಮೊದಲ ಸಲ ಬಾಯಿ ತೆರೆದೆ.

"ಇಲಿ ಇರ್ಬೇಕು ಕಣೆ. ಓಗಿ ಮಲಿಕ್ಕೋ."

ಒಳಗೆ ಹೋಗಿ ಗೋಡೆಗೆ ಕಿವಿ ಕೊಟ್ಟೆ. ಸದ್ದಿಲ್ಲ. ಮಿಷಿನ್ನು ಹೇಗೆ ತಟ್ಟುತ್ತದೆಂದು ಅವಳಿಗೆ ನಾನಂತೂ ಹೇಳಿರಲಿಲ್ಲ. ತಾನೂ ಹೇಳಿಲ್ಲವೆಂದು ಸರಸು ಆಣೆ ಇಟ್ಟಳು. ಸತ್ತವರೇ ತಟ್ಟಿದರೋ, ನನ್ನ ತಲೆಯ ಮೇಲಿನ ಏಟು ಅಷ್ಟು ದೂರ ಹೋಗಿ ಬಿದ್ದಿತೋ, ಮಾಡಿದ ಪಾಪಕ್ಕೆ ಅವಳ ಕಿವಿಯೇ ಕೆಟ್ಟಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಡಾಕ್ಟರನ್ನೂ ಕೇಳಲಿಲ್ಲ. ಆ ಸಂಜೆ ಗೋಡೆಯಾಚೆ ಅವಳು ಅಳುವುದು ಕೇಳಿಸುತ್ತಿತ್ತು. ನಾನು ತಟ್ಟೆ ತುಂಬ ಬಡಿಸಿಕೊಂಡು ಉಂಡೆ.

ಮಾರನೆಯ ದಿನ ಬೆಳಗ್ಗೆ ಸರಸು ಏಳುವ ಮೊದಲೇ ಮಿಂದು, ತಲೆ ಬಾಚಿ, ಅವಳನ್ನು ಎಬ್ಬಿಸಿ ಮೊದಲ ಬಸ್ಸಿಗೆ ಹೊರಡಿಸಿದೆ. ಕುರ್ಚಿಯಲ್ಲಿ ಕೂತು, ಇವತ್ತು ಇನ್ನಷ್ಟು ಜೋರಾಗಿ ತಟ್ಟು ಎಂದು ನರ್ಸಿಗೆ ಹೇಳಿದೆ.