ಬೀಡಿನ ಮುಚ್ಚಳದ ನಂಬರು ಮತ್ತು ಖಾನಾಪುರದ ಸುಲಭಾಬಾಯಿ

ನನ್ನ ನಂಬರನ್ನು ನನ್ನನ್ನು ಕೇಳದೆ ಇನ್ನೊಬ್ಬರಿಗೆ ಕೊಟ್ಟರು. ನಾಲ್ಕು ವರ್ಷವಾಯಿತು. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ. ಬೆಳಗಾವಿಯ ಮೊಬೈಲ್ ಕಂಪನಿ ಆಫೀಸಿನಲ್ಲಿ ಕೂತಿದ್ದ ಹುಡುಗ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದ: "ಅಂಕಲ್, ಆ ನಂಬರ್ ಹೋಗೇತಿ. ಹೊಸಾದು ತಗೋರಿ, ಫ್ಯಾನ್ಸಿ ನಂಬರ್ ಕೊಡ್ತೀನಿ." ನನಗೆ ಫ್ಯಾನ್ಸಿ ಬೇಕಾಗಿರಲಿಲ್ಲ. ನನ್ನದು ಬೇಕಾಗಿತ್ತು.

ನಾನು ಬಸಯ್ಯ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಉದ್ಯಮಬಾಗದ ಫೌಂಡ್ರಿ ಸೇರಿದವನು. ಭತ್ತ ಕುಟ್ಟುವ ಸಣ್ಣ ಗಿರಣಿಗಳ ಬೀಡುಕಬ್ಬಿಣದ ಭಾಗಗಳನ್ನು ಎರಕ ಹೊಯ್ಯಿಸಿ, ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಕೂಡಿಸಿ, ಕೆಟ್ಟಾಗ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತೇನೆ. ಕಾರ್ಡು ಹಂಚಿದರೆ ಜನ ಕಳೆಯುತ್ತಾರೆ, ಗೋಡೆಯ ಮೇಲೆ ಬರೆದರೆ ಸುಣ್ಣ ಬಳಿಯುತ್ತಾರೆ. ಅದಕ್ಕೆ ಗಿರಣಿ ಮುಚ್ಚಳದ ಮರದ ಅಚ್ಚಿನ ಮೇಲೇ ನನ್ನ ಮೊಬೈಲಿನ ಹತ್ತು ಅಂಕಿ ಕೂಡಿಸಿದ್ದೆ. ಎರಕವಾದ ಪ್ರತಿ ಮುಚ್ಚಳದ ಮೇಲೂ ನಂಬರು ಉಬ್ಬಿ ಬರುತ್ತಿತ್ತು. ಇನ್ನೂರಕ್ಕೂ ಹೆಚ್ಚು ಮುಚ್ಚಳ ಹಳ್ಳಿಗೆ ಹೋದವು. ಬೀಡಿನ ಮೇಲಿನ ಅಕ್ಷರ ಅಳಿಸುವುದಿಲ್ಲ ಎಂದು ಬೀಗುತ್ತಿದ್ದೆ. ನಂಬರು ನನ್ನ ಸ್ವಂತದ್ದಲ್ಲ, ರೀಚಾರ್ಜ್ ಇರುವ ತನಕ ಮಾತ್ರ ನನ್ನದು ಎಂಬುದು ತಲೆಗೆ ಬಂದಿರಲಿಲ್ಲ.

ಒಂದು ದಿನ ಎರಕದ ಪೆಟ್ಟಿಗೆ ಕಾಲ ಮೇಲೆ ಬಿತ್ತು. ನೆಹರು ನಗರದ ಆಸ್ಪತ್ರೆಯಲ್ಲಿ ಎರಡು ಆಪರೇಶನ್. ಮಲಗಿದವನಿಗೆ ದಿನವೂ ಗಿರಣಿಯವರ ಫೋನು: "ಮಿಸ್ತ್ರಿ, ಎಂದ ಬರ್ತೀರಿ?" ಎದ್ದು ಕೂಡಲೂ ಆಗದವನು ಏನು ಹೇಳಲಿ. ಸಿಟ್ಟು ನೆತ್ತಿಗೇರಿ ಸಿಮ್ ಕಿತ್ತು ಮಾತ್ರೆಯ ಡಬ್ಬಿಗೆ ಒಗೆದೆ. ಏಳು ತಿಂಗಳು ರೀಚಾರ್ಜ್ ಮಾಡಿಸಲಿಲ್ಲ. ಅಷ್ಟರಲ್ಲಿ ನಂಬರು ಬಂದ್ ಆಗಿ, ಬೇರೆಯವರ ಪಾಲಾಗಿತ್ತು.

ಹೆಂಡತಿ ನಾಗರತ್ನಾಳ ಫೋನಿನಿಂದ ನನ್ನ ನಂಬರಿಗೆ ನಾನೇ ಹಚ್ಚಿದೆ. ಹೆಂಗಸಿನ ಧ್ವನಿ.

"ಗಿರಣಿ ಏನ್ರಿ? ಯಾವ ಊರು?"

"ಅದು ನನ್ನ ನಂಬರ್" ಎಂದೆ.

"ನಿಮ್ಮದಂತ ಎಲ್ಲಿ ಬರದೈತಿ?"

"ಬೀಡಿನ ಮ್ಯಾಲೆ."

"ಹಂಗಾದ್ರ ತಂದು ತೋರಸ್ರಿ. ಖಾನಾಪುರ ಬಸ್ ಸ್ಟ್ಯಾಂಡ್ ಹಿಂದ, ಬ್ಲೌಸ್ ಹೊಲಿಯೂ ಅಂಗಡಿ. ಸುಲಭಾ ಅಂತ ಕೇಳ್ರಿ."

ತೋರಿಸೇ ಬಿಡುತ್ತೇನೆ ಎಂದು ಎಂಟು ಕಿಲೋದ ಮುಚ್ಚಳವನ್ನು ಚೀಲದಲ್ಲಿ ಹಾಕಿಕೊಂಡು, ಕುಂಟುತ್ತ ಬಸ್ಸು ಹತ್ತಿದೆ. ಅಂಗಡಿಗೆ ನುಗ್ಗಿ ಅವರ ಕತ್ತರಿಸುವ ಮೇಜಿನ ಮೇಲೆ ಅದನ್ನು ಇಟ್ಟೆ. ಹಳದಿ ಅರಿವೆಯೊಂದಕ್ಕೆ ಎಣ್ಣೆಯ ಕಲೆ ಹತ್ತಿತು. ಸುಲಭಾಬಾಯಿ ಮೊದಲು ಅರಿವೆ ಎಳೆದುಕೊಂಡರು, ಆಮೇಲೆ ಕನ್ನಡಕ ಹಾಕಿಕೊಂಡು ಬೀಡಿನ ಮೇಲೆ ಬೆರಳಾಡಿಸುತ್ತ ಹತ್ತೂ ಅಂಕಿ ಓದಿದರು.

"ಖರೇ ಐತಿ. ಇದು ನನ್ನ ನಂಬರ್" ಎಂದರು.

ನಾನು ಕೂಗಾಡಿದೆ. ನಾಳೆಯೇ ಬೆಳಗಾವಿಗೆ ಬಂದು ನಂಬರು ನನ್ನ ಹೆಸರಿಗೆ ಮಾಡಿಕೊಟ್ಟು, ನೀವು ಬೇರೆ ತೆಗೆದುಕೊಳ್ಳಿ ಎಂದೆ.

"ಧ್ವನಿ ಸಣ್ಣ ಮಾಡ್ರಿ ಮಿಸ್ತ್ರಿ, ಇಲ್ಲಿ ಹೆಣ್ಮಕ್ಕಳು ಅಳತಿ ಕೊಡಾಕ ಬರ್ತಾರ" ಎಂದು ಅವರು ಸ್ಟೂಲು ಸರಿಸಿದರು. "ಕುಂದರ್ರಿ. ಕಾಲು ನೋವೈತಿ ನಿಮಗ. ನಂಬರ್ ಮಾತ್ರ ನಾ ಬದಲ ಮಾಡೂದಿಲ್ಲ."

ಕಾರಣವನ್ನೂ ಹೇಳಿದರು, ಕಾಜಾ ಹಾಕುತ್ತಲೇ. ಅವರ ಗಂಡನ ಊರು ನಂದಗಡದ ಆಚೆ ಒಂದು ಹಳ್ಳಿ. ಗಂಡ ಟೆಂಪೊ ಓಡಿಸುತ್ತಿದ್ದ, ಕಾಮಾಲೆಯಿಂದ ಹೋದ. ಮಣ್ಣು ಮಾಡಿ ತಿಂಗಳಾಗಿರಲಿಲ್ಲ, ಮೈದುನ ವಿಕ್ರಮ ಕಾಗದ ತಂದು ಮುಂದಿಟ್ಟ. ಗದ್ದೆಯಲ್ಲಿ, ಮನೆಯಲ್ಲಿ ನನಗೆ ಪಾಲು ಬೇಡ ಎಂದು ಸಹಿ ಮಾಡು ಅಂದ. ಇವರು ಮಾಡಲಿಲ್ಲ. ಹೊಲಿಗೆ ಮಶಿನ್ ತೆಗೆದುಕೊಂಡು ಮಗಳು ವರದಾಳ ಜೊತೆ ಖಾನಾಪುರಕ್ಕೆ ಬಂದರು. ಅಂದಿನಿಂದ ದಿನಕ್ಕೆ ಹತ್ತು ಫೋನು. ಬೈಗುಳ, ಧಮಕಿ.

"ಬಜಾರದಾಗ ಬಂದು ಬೈಯಾಕ ಅವ್ರಿಗೆ ಮರ್ಯಾದಿ ಅಡ್ಡ ಬರತೈತಿ. ಫೋನ್ಯಾಗ ಬರೂದಿಲ್ಲ. ಹೆದರಿ ನಂಬರ್ ಬದಲ ಮಾಡಿದೆ. ಬ್ಯಾಂಕು, ಗ್ಯಾಸು, ರೇಶನ್ ಕಾರ್ಡು, ಎಲ್ಲಾ ಕಡೆ ಹೊಸ ನಂಬರ್ ಕೂಡಸಾಕ ಒಂದೂವರಿ ತಿಂಗಳು ಪಾಳಿ ಹಚ್ಚೇನಿ. ಒಂದ್ಸಲ ಹೆದರಿ ಬದಲ ಮಾಡಿದ್ದ ಸಾಕು. ಇನ್ನೊಂದ್ಸಲ ಯಾರ ಸಲುವಾಗೂ ಮಾಡೂದಿಲ್ಲ. ನಿಮ್ಮ ಸಲುವಾಗೂ ಇಲ್ಲ."

ಅವರು ಮಶಿನ್ನಿನ ಖಾನೆಯಿಂದ ಒಂದು ವಹಿ ತೆಗೆದರು, ಅಳತೆ ಬರೆಯುವ ವಹಿ. ಹಿಂದಿನ ಪುಟದಲ್ಲಿ ಹನ್ನೊಂದು ಸಾಲು: ಹೆಸರು, ಊರು, ಗಿರಣಿಗೆ ಏನಾಗಿದೆ.

"ಮೊದ್ಲು ರಾಂಗ್ ನಂಬರ್ ಅಂದೆ. ಬೀಡಿನ್ಯಾಗ ಐತಿ, ರಾಂಗ್ ಹೆಂಗ ಆಗತೈತ್ರಿ ಅಂತ ನನಗ ಬೈದ್ರು. ಆಮ್ಯಾಲೆ ಬರಕೊಂಡೆ. ಇವೇನ್ ಮಾಡ್ಲಿ ಹೇಳ್ರಿ."

ಹೀಗೆ ಶುರುವಾಯಿತು. ನಂಬರು ಅವರದು, ಗಿರಣಿ ನನ್ನವು. ಫೋನು ಬಂದರೆ ಅವರು ಬರೆದುಕೊಂಡು ನನ್ನ ಹೊಸ ನಂಬರಿಗೆ ತಿಳಿಸುವರು. ಸಂಬಳದ ಮಾತೆತ್ತಿದರೆ, "ನಾ ನಿಮ್ಮ ನೌಕರಿಗೆ ಇಲ್ಲ" ಎಂದು ಬಾಯಿ ಮುಚ್ಚಿಸಿದರು. ಒಂದೇ ಕರಾರು: ವಹಿಯಲ್ಲಿ ಬರೆದ ಕೆಲಸ ಆಗಲೇಬೇಕು. ಇವನು ಸೊಕ್ಕಿನವನು, ಅವನು ಹೋದ ವರ್ಷ ಎದುರಾಡಿದ ಎಂದು ನಾನು ಕೆಲವರನ್ನು ಬಿಡುತ್ತಿದ್ದೆ. ಅದು ನಡೆಯುವುದಿಲ್ಲ ಎಂದರು. "ಬರ್ತಾರ ಅಂತ ನಾ ಮಾತು ಕೊಟ್ಟಿರ್ತೀನಿ. ನನ್ನ ಮಾತು ಅದು, ನಿಮ್ಮದಲ್ಲ."

ಒಂದು ವರ್ಷದಲ್ಲಿ ಅವರು ನನಗಿಂತ ಚುರುಕಾದರು. "ಫೋನ್ ಗಿರಣಿ ಹತ್ರ ಹಿಡೀರಿ, ಸಪ್ಪಳ ಕೇಳಸ್ರಿ" ಎನ್ನುವರು. ಕೇಳಿ, ಬೇರಿಂಗೋ ಬೆಲ್ಟೋ ಹೇಳುವರು. ಬೆಲ್ಟ್ ಜಾರಿದ್ದರೆ ಹೇಗೆ ಬಿಗಿಯಬೇಕೆಂದು ತಾವೇ ಹೇಳಿಕೊಟ್ಟು ನನ್ನ ಬಸ್ ಚಾರ್ಜು ಉಳಿಸುವರು. ಜಾಂಬೋಟಿ ಕಡೆಯ ಮುದುಕರು ನನ್ನನ್ನು ನೋಡಿ, "ಬಾಯಾರು ಬರ್ಲಿಲ್ಲೇನ?" ಎಂದು ಕೇಳಿದ್ದುಂಟು. ಅಚ್ಚಿನ ಮೇಲಿನ ನಂಬರನ್ನು ನಾನು ಬದಲಿಸಲಿಲ್ಲ. ಈಗಲೂ ಅದೇ ಹೊಯ್ಯುತ್ತೇನೆ.

ಹೋದ ಸುಗ್ಗಿಯಲ್ಲಿ ಒಂದು ಫೋನು ಬಂತು. ನಾನು ಅದೇ ಹೊತ್ತಿಗೆ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ಸುಲಭಾಬಾಯಿಯ ಕೈ ಪೆನ್ನಿನ ಮೇಲೆ ನಿಂತಿತು. ಅತ್ತ ಕಡೆ ಗಂಡಸಿನ ಧ್ವನಿ ನನಗೂ ಕೇಳುವಷ್ಟು ದೊಡ್ಡದು.

"ಯಾರು, ಸುಲಭಾ ವಹಿನಿನ?"

"ಹೌದು, ಭಾವೋಜಿ. ಗಿರಣಿಗೆ ಏನಾಗೈತಿ ಹೇಳ್ರಿ."

ಮೈದುನ ವಿಕ್ರಮ; ಆ ಕಡೆ ಮರಾಠಿಯಲ್ಲಿ ಅತ್ತಿಗೆಗೆ ವಹಿನಿ, ಮೈದುನನಿಗೆ ಭಾವೋಜಿ. ಹಳೇ ಗಿರಣಿಯೊಂದನ್ನು ಕೊಂಡಿದ್ದನಂತೆ, ಅದು ಕಿರುಗುಟ್ಟುತ್ತಿತ್ತಂತೆ. ಮುಚ್ಚಳದ ಮೇಲಿನ ನಂಬರಿಗೆ ಹಚ್ಚಿದ್ದ. ಗಿರಣಿ ಬಿಟ್ಟು ಸಹಿಯ ಮಾತಿಗೆ ಬಂದ. ಯಾವ ಬೈಗುಳ ತಪ್ಪಿಸಿಕೊಳ್ಳಲು ನಂಬರು ಬದಲಿಸಿದ್ದರೋ ಅದೇ ಬೈಗುಳ ನನ್ನ ಬೀಡಿನ ದೆಸೆಯಿಂದ ಮತ್ತೆ ಅವರ ಕಿವಿಗೆ ಬಿತ್ತು.

"ಸಹಿ ಮಾತು ಈ ನಂಬರಿಗೆ ಇಲ್ರಿ" ಎಂದರು ಅವರು. "ಬೇರಿಂಗೋ ಬೆಲ್ಟೋ, ಅಷ್ಟ ಹೇಳ್ರಿ."

ಫೋನು ಇಟ್ಟ ಮೇಲೆ ಅವರು ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿ ಬಿಟ್ಟರು.

"ಬಾಯಾರ, ನಂಬರ್ ಬದಲ ಮಾಡ್ರಿ" ಎಂದೆ. ಖರೇ ಹೇಳುತ್ತೇನೆ, ಈ ಸಲ ನನ್ನ ಸಲುವಾಗಿ ಹೇಳಲಿಲ್ಲ.

"ಮೊದ್ಲನೇ ದಿನನೂ ಹಿಂಗ ಅಂದಿದ್ರಿ. ಅವತ್ತು ಕೇಳಲಿಲ್ಲ, ಇವತ್ತ್ ಕೇಳ್ತೀನಂತ ತಿಳಕೊಂಡ್ರೇನು?"

"ಅವ ದಿನಾ ಹಚ್ಚತಾನ."

"ಹಚ್ಚಲಿ. ಅವನ ರೀಚಾರ್ಜ್ ಖರ್ಚಾಗತೈತಿ."

ಹಚ್ಚಿದ. ಒಂಬತ್ತು ದಿನ ಹಚ್ಚಿದ. ಪ್ರತಿ ಸಲವೂ ಎತ್ತಿ ಅವರು ಅದೇ ಪ್ರಶ್ನೆ ಕೇಳಿದರು: ಬೇರಿಂಗೋ, ಬೆಲ್ಟೋ. ಅಂಗಡಿಗೆ ಬಂದ ಹೆಣ್ಣುಮಕ್ಕಳು ನಗತೊಡಗಿದರು, ಆ ನಗು ಅವನಿಗೂ ಕೇಳಿಸಿರಬೇಕು. ಹತ್ತನೇ ದಿನ ಫೋನು ಬರಲಿಲ್ಲ. ಸಹಿ ಇಂದಿಗೂ ಆಗಿಲ್ಲ. ಗದ್ದೆಯಲ್ಲಿ ಅವರ ಪಾಲು ಅವರ ಹೆಸರಿಗೇ ಇದೆ.

ಆದರೆ ಕಿರುಗುಟ್ಟುತ್ತದೆ ಎಂದದ್ದರ ಮೇಲೆ ವಹಿಯಲ್ಲಿ ಅವರು ಬರೆದುಬಿಟ್ಟಿದ್ದರು: ವಿಕ್ರಮ, ಬೇರಿಂಗ್.

"ಹೋಗಿ ಮಾಡಿ ಬರ್ರಿ" ಎಂದರು ನನಗೆ.

"ನಾ ಹೋಗೂದಿಲ್ಲ."

"ಹೋಗ್ಲಿಲ್ಲಂದ್ರ ಸುಲಭಾ ಹೆದರಿ ತಡದಾಳ ಅಂತಾರ. ಹೋಗ್ರಿ. ಆ ಮನಿ ಸೊಸಿ ಇದ್ದಲ್ಲೇ ಇದಾಳ, ಆಕಿ ಹೇಳಿದ ಕೆಲಸ ಆಗತೈತಿ ಅಂತ ಗೊತ್ತಾಗ್ಲಿ."

ಮಾತು ಸರಿಯೇ ಇತ್ತು. ರಿಪೇರಿ ಹತಿಯಾರದ ಚೀಲ ಹಿಡಿದು ನಂದಗಡದ ತನಕ ಹೋದೆ. ಬಸ್ಸಿನಿಂದ ಇಳಿದೆ. ದಾರ ಪೋಣಿಸಲಾಗದೆ ಸೂಜಿ ಬಿಟ್ಟ ಆ ಕೈ ಕಣ್ಣ ಮುಂದೆ ಬಂತು. ಆ ಕೈಯನ್ನು ಸೋಲಿಸಿದವನ ಗಿರಣಿಗೆ ನಟ್ಟು ಬಿಚ್ಚುವ ನನ್ನ ಪಾನಾ ಹಚ್ಚಲಾರೆ ಅನಿಸಿತು. ಮುಂದಿನ ಬಸ್ಸಿಗೆ ತಿರುಗಿ ಬಂದೆ.

ನಾನು ಖಾನಾಪುರಕ್ಕೆ ಹೋದಾಗಲೆಲ್ಲ ಅವರು ತಪ್ಪದೆ ಕೇಳುತ್ತಾರೆ: "ಮೈದುನಂದು ಆತೇನ್ರಿ?" ಇಲ್ಲ ಎನ್ನುತ್ತೇನೆ. ಅವರು ಸಿಟ್ಟಿಗೆ ಚಹಾ ಕೊಡುವುದನ್ನೇ ಬಿಟ್ಟಿದ್ದಾರೆ, ನಾನೂ ಕೇಳುವುದಿಲ್ಲ. ಅವರು ಬರೆದ ಆರುನೂರು ಚಿಲ್ಲರೆ ಕೆಲಸ ಮಾಡಿದ್ದೇನೆ. ನನ್ನ ಹೊಟ್ಟೆ ತುಂಬಿದ್ದೇ ಅವರ ಮಾತಿನ ಮೇಲೆ. ಬದಲಿಗೆ ಅವರು ಕೇಳಿದ್ದು ಇದೊಂದು. ಅದನ್ನು ನಾನು ಅವರಿಗೆ ಕೊಟ್ಟಿಲ್ಲ, ಕೊಡುವವನೂ ಅಲ್ಲ.